ದೆಲ್ಫೀನಳ ಕೈಗೆ ಎಟುಕದ ನೀಲಿ

ಎಪ್ಪತ್ನಾಲ್ಕು ವರ್ಷದ ಎರ್ಮೀನಿಯ ಟಿಕೆಟ್ಟು ಹಿಡಿದು ಇಗರ್ಜಿಯ ಬಾಗಿಲಲ್ಲಿ ಸರದಿ ನಿಂತಾಗ ಪೊಜ್ಜಾನೆಲ್ಲೊ ಊರಿನ ಕಾಫಿ ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ಆ ಬಾಗಿಲಿನ ಬೀಗದ ಕೈ ಮೂರು ತಲೆಮಾರು ಅವಳ ಮನೆಯ ಮೊಳೆಯಲ್ಲೇ ತೂಗುತ್ತಿತ್ತು. ಗೋಡೆಯ ಚಿತ್ರ ನೋಡಬೇಕೆನ್ನುವವರು ಬಂದು ಅವಳ ಕದ ತಟ್ಟುತ್ತಿದ್ದರು. ಈಗ ಗಾಜಿನ ಬಾಗಿಲು, ಒಂದು ಸಲಕ್ಕೆ ಇಪ್ಪತ್ತು ಜನ, ಹದಿನೈದೇ ನಿಮಿಷ. ಅದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದ್ದು ಒಳಗೆ ತೂಗುಹಾಕಿದ ಹೊಸ ಹಲಗೆ.

‘ಮಾತೆ ಮರಿಯಳ ಹೊದಿಕೆಯ ನೀಲಿಯು, ಸ್ಥಳೀಯ ಮಹಿಳೆಯರು ಅಜ್ಞಾನದಿಂದ ಬ್ರೆಡ್ಡು ಉಜ್ಜಿದ್ದರಿಂದ ಅಳಿಸಿಹೋಗಿದೆ.’

ಸ್ಥಳೀಯ ಮಹಿಳೆಯರಂತೆ! ಆ ಕೆಲಸ ಮಾಡುತ್ತಿದ್ದದ್ದು ಒಬ್ಬಳೇ, ಎರ್ಮೀನಿಯಳ ತಾಯಿ ದೆಲ್ಫೀನ. ಪ್ರತಿ ವರ್ಷ ಈಸ್ಟರಿನ ಹಿಂದಿನ ದಿನ, ನಿನ್ನೆಯ ಬ್ರೆಡ್ಡಿನ ಮೆತ್ತನೆ ತಿರುಳು ಹಿಡಿದು ಮೇಣದ ಬತ್ತಿಯ ಮಸಿಯನ್ನು ಒತ್ತಿ ಒತ್ತಿ ತೆಗೆಯುತ್ತಿದ್ದಳು. ಆ ಸೀಮೆಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಹಾಗಾಗಿ ಗಾರೆಗೆ ಅದು ಕೆಡುಕಲ್ಲ. ನೀಲಿಯ ಹತ್ತಿರ ಮಾತ್ರ ಅವಳು ಸುಳಿಯುತ್ತಿರಲಿಲ್ಲ. “ಮಿಕ್ಕ ಬಣ್ಣಾನೆಲ್ಲ ಹಸಿ ಗಾರೆ ಕುಡಿದುಬಿಟ್ಟಿದೆ ಕಣೇ. ನೀಲಿ ಸುಮ್ನೆ ಮೇಲೆ ಕೂತಿದೆ. ಮುಟ್ಟಿದ್ರೆ ಕೈ ಮುರೀತೀನಿ,” ಅನ್ನುತ್ತಿದ್ದಳು. ಒಮ್ಮೆ ಮಗಳ ಬೆರಳು ಆ ಕಡೆ ಹೋದಾಗ ಬಿದ್ದ ಏಟು ಮಗಳಿಗೆ ಇನ್ನೂ ನೆನಪಿದೆ. ಅಂಥ ಹೆಂಗಸು ಸತ್ತು ಮಣ್ಣಾದ ಮೇಲೆ ಅಜ್ಞಾನಿಯಂತೆ!

ಆ ಸಾಲು ತೆಗೆಯಿರೆಂದು, ಈಗ ಇಗರ್ಜಿಯನ್ನು ನೋಡಿಕೊಳ್ಳುವ ಕಚೇರಿಗೆ ಎರಡು ಸಲ ಅಲೆದಳು, ಯಾರೂ ಕ್ಯಾರೇ ಅನ್ನಲಿಲ್ಲ. ಅದಕ್ಕೇ ಈ ಟಿಕೆಟ್ಟು.

ಒಳಗೆ ಲುದೋವಿಕ ಎಂಬ ಗೈಡ್ ಹುಡುಗಿ ಹಲಗೆಯ ಸಾಲನ್ನೇ ಒಪ್ಪಿಸಿದಳು. ನೋಡಬಂದವರು ಅಯ್ಯೋ ಪಾಪ ಎಂದು ಲೊಚಗುಟ್ಟಿದರು.

“ಏನಮ್ಮಾ, ಕಣ್ಣಿದೆಯಾ ನಿಂಗೆ?” ಎರ್ಮೀನಿಯ ಗುಡುಗಿದಳು. ತಾಯಿ ಮಸಿ ತೆಗೆಯಲು ಹತ್ತುತ್ತಿದ್ದ ಹಳೆಯ ಮೆಟ್ಟುಮಣೆ ಮೂಲೆಯಲ್ಲೇ ಇತ್ತು, ಅದನ್ನು ಎಳೆದು ಹತ್ತಿ ನಿಂತಳು.

“ಎರ್ಮೀನಿಯಮ್ಮ, ದಯವಿಟ್ಟು ಇಳೀರಿ. ಗೋಡೆ ಮುಟ್ಟಬೇಡಿ!”

“ಮುಟ್ಟಲ್ಲ, ನೋಡು!” ಕೈಯನ್ನು ನೇರ ಮೇಲಕ್ಕೆ ಚಾಚಿದಳು. “ನಮ್ಮವ್ವ ನನಗಿಂತ ಗೇಣು ಕುಳ್ಳಿ. ನನ್ನ ಕೈಯೇ ಮಾತೆಯ ಮಂಡಿಗೆ ಬಂತು. ಅಲ್ಲಿವರೆಗೂ ನೀಲಿ ಇದೆಯೋ ಇಲ್ವೋ?”

ಇತ್ತು. ಮಂಡಿಯ ಕೆಳಗೆ ನೀಲಿ ದಟ್ಟವಾಗಿತ್ತು. ಬೋಳಾಗಿದ್ದದ್ದು ಹೆಗಲು, ಎದೆ, ತಲೆಯ ಮುಸುಕು.

“ಅಷ್ಟು ಮೇಲೆ ಹತ್ತಿದೋರು ಯಾರು? ಐವತ್ತು ವರ್ಷದ ಹಿಂದೆ ಅಟ್ಟಣಿಗೆ ಕಟ್ಟಿ, ಬಕೆಟ್ಟುಗಟ್ಟಲೆ ಔಷಧಿ ನೀರು ಬಳಿದ ನಿಮ್ಮ ತಜ್ಞರು! ನೀಲಿ ನೀರು ನೆಲದ ಮೇಲೆ ಹರೀತಿತ್ತು. ಅದನ್ನ ಒರೆಸಿದೋಳು ನಮ್ಮವ್ವ. ಅಳ್ತಾ ಒರೆಸಿದ್ಲು.”

ಹದಿನೈದು ನಿಮಿಷ ಮುಗಿಯಿತೆಂದು ಗಂಟೆ ಬಾರಿಸಿತು. ಯಾರೂ ಕದಲಲಿಲ್ಲ. ಲುದೋವಿಕ ಹಲಗೆ ನೋಡಿದಳು, ಗೋಡೆ ನೋಡಿದಳು. “ಅದನ್ನ ತೆಗೆಯೋ ಅಧಿಕಾರ ನನಗಿಲ್ಲಮ್ಮ,” ಅಂದಳು, ಕೆಂಪಗಾಗಿ.

“ನಾನೆಲ್ಲಿ ಕೇಳಿದೆ?”

ಎರ್ಮೀನಿಯ ಮಣೆಯಿಂದ ಇಳಿದು ಹಲಗೆಯನ್ನು ಕೊಕ್ಕೆಯಿಂದ ಕಿತ್ತು ಕಂಕುಳಲ್ಲಿ ಇರುಕಿಕೊಂಡಳು. ಗಾಜಿನ ಬಾಗಿಲನ್ನು ತೆರೆದು ಹಿಡಿದದ್ದು ಲುದೋವಿಕಳೇ.

ಈಗ ಅದರ ಜಾಗಕ್ಕೆ ಬೇರೊಂದು ಹಲಗೆ ಬಂದಿದೆ. ಅದರಲ್ಲಿ ಆ ಸಾಲಿಲ್ಲ, ದೆಲ್ಫೀನಳ ಹೆಸರೂ ಇಲ್ಲ. ಹಾಗಾಗಿ ಎರ್ಮೀನಿಯಳ ಸಿಟ್ಟು ಇನ್ನೂ ಇಳಿದಿಲ್ಲ. ಹಳೆಯ ಹಲಗೆಯನ್ನು ಅಡುಗೆಮನೆಯ ಮೇಜಿನ ಮೇಲೆ ಬೋರಲು ಹಾಕಿಕೊಂಡು, ಅದರ ಬೆನ್ನ ಮೇಲೆ ದಿನಾ ಬ್ರೆಡ್ಡು ಕೊಯ್ಯುತ್ತಾಳೆ.