ಬಾಯಿಗಿಟ್ಟ ಸೌಟು

ನಮ್ಮ ಮನೆಯಲ್ಲಿ ಅಡುಗೆ ಮಾಡುವವಳು ರುಚಿ ನೋಡುವಂತಿಲ್ಲ. ಮದುವೆಯಾಗಿ ತಣಿಸಂದ್ರಕ್ಕೆ ಬಂದ ಮೊದಲ ವಾರದಲ್ಲೇ ಇದು ನನಗೆ ತಿಳಿಯಿತು. ಸಾರಿಗೆ ಉಪ್ಪು ಹಾಕಿ, ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ಮುಟ್ಟಿಸಿದ್ದೆ, ಅಷ್ಟೆ. ನಮ್ಮಮ್ಮ ಹಾಗೆಯೇ ಮಾಡುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು, "ಎಂಜ್ಲು ಮಾಡ್ದೆ ಅಡ್ಗೆ ಮಾಡಾದ ನಿಮ್ಮವ್ವ ಏಳ್ಕೊಟ್ಟಿಲ್ವಾ?" ಎಂದು ಕೇಳಿದರು. ಆ ಸಾರು ಎಮ್ಮೆಯ ಕಲಗಚ್ಚಿಗೆ ಹೋಯಿತು. ಆಗ ಮನೆಯಲ್ಲಿ ಎಮ್ಮೆಗಳಿದ್ದವು.

ಆಮೇಲೆ ಇಪ್ಪತ್ತಾರು ವರ್ಷ ನಾನು ಮೂಗಿನಿಂದ ಅಡುಗೆ ಮಾಡಿದೆ. ಕುದಿಯುವ ಸಾರಿನ ಮೇಲೆ ಮುಖ ಇಟ್ಟು ಆವಿ ಎಳೆದುಕೊಂಡರೆ ಉಪ್ಪು ಹಿಡಿದಿದೆಯೋ ಇಲ್ಲವೋ ಹೇಳುತ್ತಿದ್ದೆ. ನೂರಕ್ಕೆ ತೊಂಬತ್ತು ಸಲ ಸರಿಯಾಗುತ್ತಿತ್ತು. ಉಳಿದ ಹತ್ತು ಸಲ ಗಂಡ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಒಂಚೂರು ಮುಂದಾಗಿದೆ ಕಣೇ" ಎನ್ನುತ್ತಿದ್ದರು. ಸರಿಯಾದ ತೊಂಬತ್ತು ಸಲ ಯಾರೂ ಏನೂ ಅನ್ನುತ್ತಿರಲಿಲ್ಲ. ಊಟಕ್ಕೆ ಮೊದಲು ಅತ್ತೆ, ಮಾವ, ಆಮೇಲೆ ಗಂಡ, ಮಗಳು, ಕೊನೆಗೆ ನಾನು. ನಾನು ಮಾಡಿದ್ದು ಹೇಗಿದೆ ಅಂತ ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗುತ್ತಿತ್ತು.

ಹುಳಿಯದ್ದಂತೂ ಬೇರೆಯೇ ಕಥೆ. ಹುಳಿ ತಿಂದರೆ ಅತ್ತೆಗೆ ಮಂಡಿ ಹಿಡಿದುಕೊಳ್ಳುತ್ತದೆ. ಹಾಗಾಗಿ ನಮ್ಮ ಮನೆಯ ಸಾರಿಗೆ ಗೋಲಿ ಗಾತ್ರದ ಹುಣಸೆಹಣ್ಣು, ಅದಕ್ಕಿಂತ ಒಂದು ಎಳೆಯೂ ಹೆಚ್ಚಿಲ್ಲ. ನಾನು ಹುಟ್ಟಿದ ಸೋಲದೇವನಹಳ್ಳಿಯ ಮನೆಯ ಹಿತ್ತಲಲ್ಲಿ ಹುಣಸೆಮರವಿತ್ತು. ನಮ್ಮಮ್ಮ ಸಾರಿಗೆ ಹುಳಿಯನ್ನು ಹಿಡಿ ತುಂಬ ಕಿವುಚಿ ಹಾಕುತ್ತಿದ್ದಳು. ಅದೆಲ್ಲ ನನಗೆ ಮರೆತೇ ಹೋಗಿತ್ತು.

ಮಾವ ಹೋದರು, ಎಮ್ಮೆಗಳು ಹೋದವು, ರಾಗಿ ಹೊಲಕ್ಕೆ ಬಿಲ್ಡರ್ ಬಂದ. ನಮ್ಮ ಪಾಲಿಗೆ ಬಂದ ಫ್ಲಾಟುಗಳಲ್ಲಿ ಮೂರನೇ ಮಹಡಿಯದ್ದನ್ನು ಇಟ್ಟುಕೊಂಡೆವು. ನಕ್ಷೆ ತೋರಿಸಿದಾಗ ಅತ್ತೆಗೆ ಲಿಫ್ಟ್ ಹಿಡಿಸಲಿಲ್ಲ, ಬಾಲ್ಕನಿ ಹಿಡಿಸಲಿಲ್ಲ. ಓಪನ್ ಕಿಚನ್ ಮಾತ್ರ ಬಹಳ ಹಿಡಿಸಿತು. ಹಾಲಿನಲ್ಲಿ ಟಿವಿಯ ಎದುರು ಅವರ ಕುರ್ಚಿ ಇದೆ; ಅಲ್ಲಿಂದ ಕತ್ತು ಹೊರಳಿಸದೆಯೇ ನನ್ನ ಒಲೆ ಕಾಣುತ್ತದೆ. ಹಳೇ ಮನೆಯಲ್ಲಿ ಬಾಗಿಲವರೆಗೆ ನಡೆದು ಬರುವ ಕಷ್ಟವಾದರೂ ಅವರಿಗಿತ್ತು.

ಥಾಯ್ಲೆಂಡಿಗೆ ಹೋಗೋಣ ಎಂದು ಹಟ ಹಿಡಿದವಳು ಮಗಳು. ಮತ್ತಿಕೆರೆಯ ಹತ್ತಿರ ಕಾಲೇಜಿಗೆ ಹೋಗುತ್ತಾಳೆ, ಕೊನೆಯ ವರ್ಷ. ಗಂಡನ ಸ್ನೇಹಿತರೊಬ್ಬರು ನನ್ನೆದುರಿಗೇ, "ಥಾಯ್ಲೆಂಡ್‌ಗೆ ಹೆಂಡ್ತೀನ ಕರ್ಕೊಂಡ್ ಹೋಗ್ತಿದೀಯಾ ಗುರು? ಊಟಕ್ಕೆ ಹೋಟ್ಲಿಗೆ ಬುತ್ತಿ ಕಟ್ಕೊಂಡ್ ಹೋದಂಗಾಯ್ತು" ಎಂದು ನಕ್ಕರು. ಗಂಡನೂ ನಕ್ಕರು. ನಾನು ಅವರಿಬ್ಬರಿಗೂ ಕಾಫಿ ಕೊಟ್ಟೆ. ಅತ್ತೆಯನ್ನು ಆರ್.ಟಿ. ನಗರದಲ್ಲಿರುವ ಅವರ ಮಗಳ ಮನೆಗೆ ಬಿಟ್ಟು, ದಿನವೂ ನಮ್ಮ ತಲೆಯ ಮೇಲೆ ಹಾರುವ ವಿಮಾನಗಳಲ್ಲಿ ಒಂದನ್ನು ನಾವೂ ಹತ್ತಿದೆವು.

ಚಿಯಾಂಗ್ ಮಾಯ್ ಎಂಬ ಊರು. ಮೂರನೇ ದಿನಕ್ಕೆ ಮಗಳು ನನಗೂ ಅವಳಿಗೂ ಅಡುಗೆ ತರಗತಿ ಬುಕ್ ಮಾಡಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ಲಿ ಮಾಡೋದು ಸಾಲ್ದು ಅಂತ ಇಲ್ಲಿಗ್ ಬಂದೂ ಒಲೆ ಮುಂದೆ ನಿಲ್ಬೇಕೇನೇ?" ಎಂದೆ. "ಅಮ್ಮಾ, ಇಲ್ಲಿ ನೀನ್ ಮಾಡಿದ್ದನ್ನ ನೀನೇ ತಿನ್ನೋದು. ಬಾ ಸುಮ್ನೆ" ಎಂದಳು. ಗಂಡ ತಾವು ಬರುವುದಿಲ್ಲ, ಅಡುಗೆ ಶಾಲೆಯ ಹೊರಗಿನ ಮಾವಿನ ಮರದ ಕೆಳಗೆ ಕೂತಿರುತ್ತೇನೆ ಎಂದರು. ಅವರಿಗೆ ಫೋನಿತ್ತು, ಕುರ್ಚಿಯಿತ್ತು.

ಹೇಳಿಕೊಡುವವಳು ನನ್ನದೇ ವಯಸ್ಸಿನ ಹೆಂಗಸು, ಕುಳ್ಳಿ, ಕೈಯ ಮೇಲೆ ಎಣ್ಣೆ ಸಿಡಿದ ಕಲೆಗಳು. ಆ ಕಲೆಗಳನ್ನು ನೋಡಿಯೇ ಅವಳ ಮೇಲೆ ನನಗೆ ನಂಬಿಕೆ ಬಂತು. ಅವಳ ಇಂಗ್ಲಿಷನ್ನು ಮಗಳು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಬೆಳಿಗ್ಗೆ ಮಾರುಕಟ್ಟೆಗೆ ಕರೆದುಕೊಂಡು ಹೋಗಿ ನಿಂಬೆಯ ವಾಸನೆಯ ಮಜ್ಜಿಗೆ ಹುಲ್ಲು, ಶುಂಠಿಯ ಅಕ್ಕನಂತಿರುವ ಒಂದು ಬೇರು, ಸಣ್ಣ ಕೆಂಪು ಮೆಣಸಿನಕಾಯಿ ಎಲ್ಲ ಮೂಸಿಸಿದಳು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಒಲೆ, ಒಂದೊಂದು ಕಲ್ಲಿನ ಒರಳು. ಮಸಾಲೆ ಕುಟ್ಟುವಾಗ ಉಳಿದವರೆಲ್ಲ ಏದುಸಿರು ಬಿಡುತ್ತಿದ್ದರೆ ನಾನು ಎರಡೂ ಕೈ ಬದಲಾಯಿಸುತ್ತಾ ನುಣ್ಣಗೆ ಕುಟ್ಟಿ ಮುಗಿಸಿದೆ. ಅವಳು ನನ್ನ ಒರಳಿನಲ್ಲಿ ಬೆರಳು ಹಾಕಿ ನೋಡಿ, ಎಲ್ಲರನ್ನೂ ಕರೆದು ತೋರಿಸಿದಳು. ಅಡುಗೆಯ ವಿಷಯದಲ್ಲಿ ಒಬ್ಬರು ನನ್ನನ್ನು ಹೊಗಳಿದ್ದು ಅದೇ ಮೊದಲು. ನನಗೆ ನಾಚಿಕೆಯೂ ಆಯಿತು, ಮತ್ತೆ ಕುಟ್ಟಬೇಕು ಅಂತಲೂ ಅನ್ನಿಸಿತು.

ಆಮೇಲೆ ಸೀಗಡಿ ಸಾರು. ಕುದಿ ಬಂದ ಮೇಲೆ ಒಲೆ ಸಣ್ಣ ಮಾಡಿಸಿ, ಎಲ್ಲರ ಮುಂದೆಯೂ ಅವಳು ನಾಲ್ಕು ಬಟ್ಟಲು ಇಟ್ಟಳು. ಉಪ್ಪಿಗೆ ಮೀನಿನ ರಸ, ಹುಳಿಗೆ ನಿಂಬೆ, ಸಿಹಿಗೆ ತಾಳೆಬೆಲ್ಲ, ಖಾರಕ್ಕೆ ಮೆಣಸಿನಕಾಯಿ. ಇದಕ್ಕೆ ಅಳತೆಯಿಲ್ಲ, ನಿಮ್ಮ ಬಾಯಿಗೆ ಹೇಗೆ ಬೇಕೋ ಹಾಗೆ ಹಾಕಿಕೊಳ್ಳಿ, ರುಚಿ ನೋಡಿ, ಮತ್ತೆ ಹಾಕಿ ಎಂದಳು. ನಾನು ಆವಿ ಎಳೆದುಕೊಂಡು, ಅಂದಾಜಿನ ಮೇಲೆ ಮೀನಿನ ರಸ ಸುರಿದು ಕೈ ಒರೆಸಿಕೊಂಡೆ. ನನ್ನ ಕೆಲಸ ಮುಗಿದಿತ್ತು.

ಅವಳು ಬಂದು ಚಮಚ ನನ್ನ ಕೈಗೆ ಕೊಟ್ಟಳು. "ಟೇಸ್ಟ್" ಎಂದಳು. ನಾನು, ನೀವೇ ನೋಡಿ ಎಂದೆ. ನಾನಲ್ಲ ಉಣ್ಣುವುದು, ನೀನು, ಎಂದಳು. ನಿನಗೆ ಹೇಗೆ ಬೇಕು?

ನನ್ನ ಕೈ ಮೇಲೇಳಲಿಲ್ಲ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಆ ಊರಿನಲ್ಲಿ, ಆ ಅಡುಗೆ ಮನೆಯಲ್ಲಿ, ನಾನು ಅತ್ತೆಯ ಕುರ್ಚಿ ಹುಡುಕಿದೆ! ಹುಡುಕಿದ್ದು ನನಗೇ ಗೊತ್ತಾಗಿ ಇನ್ನಷ್ಟು ಗಾಬರಿಯಾಯಿತು. ಏನು ಮಾಡಬೇಕೆಂದು ತಿಳಿಯದೆ ಒಂದು ಬಟ್ಟಲಿಗೆ ಸಾರು ಬಗ್ಗಿಸಿಕೊಂಡು ಹೊರಗೆ ಮಾವಿನ ಮರದ ಕೆಳಗೆ ಹೋದೆ. ಗಂಡ ಫೋನಿನಿಂದ ಕಣ್ಣು ತೆಗೆಯದೆ ಒಂದು ಗುಟುಕು ಕುಡಿದರು. "ಉಪ್ಪು ಒಂಚೂರು ಮುಂದಾಗಿದೆ ಕಣೇ" ಎಂದರು.

ವಾಪಸು ಬರುವಷ್ಟರಲ್ಲಿ ಮಗಳು ನಗುತ್ತಿದ್ದಳು, ಪಕ್ಕದ ಒಲೆಯವರೂ ನಗುತ್ತಿದ್ದರು. ಹೇಳಿಕೊಡುವವಳು ನಗಲಿಲ್ಲ. ನನ್ನ ಕೈಯಿಂದ ಬಟ್ಟಲು ತೆಗೆದಿಟ್ಟು, ಚಮಚದಲ್ಲಿ ಸಾರು ತುಂಬಿ, ಮಗುವಿಗೆ ತಿನ್ನಿಸುವಂತೆ ನನ್ನ ತುಟಿಯ ಹತ್ತಿರ ಹಿಡಿದಳು. ಬಾಯಿ ತೆರೆದೆ.

ಉಪ್ಪು ಸರಿಯಾಗಿಯೇ ಇತ್ತು. ಹುಳಿ ಇರಲಿಲ್ಲ. ಒಂದು ನಿಂಬೆ ಹಿಂಡಿದೆ, ನೋಡಿದೆ. ಇನ್ನೊಂದು ಹಿಂಡಿದೆ. ಮೂರನೆಯದಕ್ಕೆ ಕಿವಿಯ ಹಿಂದೆ ಜುಮ್ಮೆಂದಿತು, ಸೋಲದೇವನಹಳ್ಳಿಯ ಹಿತ್ತಲು ನೆನಪಿಗೆ ಬಂತು. ಮಗಳು ನನ್ನ ಬಟ್ಟಲಿನಿಂದ ಕುಡಿದು ಮುಖ ಕಿವುಚಿ, "ಅಮ್ಮಾ! ನಿಂಗೆ ಇಷ್ಟೊಂದ್ ಹುಳಿ ಇಷ್ಟಾನಾ? ನಂಗೆ ಗೊತ್ತೇ ಇರ್ಲಿಲ್ಲ" ಎಂದಳು. ನನಗೂ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಸಂತೋಷವಾಗಬೇಕಂತೆ. ನನಗೆ ಬಂದದ್ದು ಸಿಟ್ಟು. ಎಷ್ಟು ಸಾರು ಮಾಡಿದ್ದೆ ನಾನು! ಅಷ್ಟರಲ್ಲಿ ಒಂದಾದರೂ ನನ್ನ ಬಾಯಿಗೆ ಅಂತ ಮಾಡಿದ್ದಿಲ್ಲ. ಬಟ್ಟಲನ್ನು ಪೂರ್ತಿ ಖಾಲಿ ಮಾಡಿದೆ, ಯಾರಿಗೂ ಮಿಗಿಸಲಿಲ್ಲ. ಇನ್ನು ಮೇಲೆ ನನ್ನ ಒಲೆಯ ಮುಂದೆಯೂ ಹೀಗೆಯೇ, ನೋಡಿಯೇ ಬಡಿಸುವುದು, ಎಂದು ಅಲ್ಲೇ ತೀರ್ಮಾನ ಮಾಡಿಕೊಂಡೆ.

ಆ ತೀರ್ಮಾನ ತಣಿಸಂದ್ರದಲ್ಲಿ ಒಂದು ದಿನವೂ ಬಾಳಲಿಲ್ಲ. ಬರುವಾಗಲೇ ಅತ್ತೆಯನ್ನೂ ಕರೆತಂದಿದ್ದೆವು; ಬಂದ ಮರುದಿನ ಹುರುಳಿಕಾಳಿನ ಬಸ್ಸಾರು ಮಾಡಿದೆ. ಹುಣಸೆಹಣ್ಣು ಗೋಲಿಗಿಂತ ದೊಡ್ಡದೇ ಹಾಕಿದೆ. ಸೌಟಿನಿಂದ ಒಂದಿಷ್ಟು ತೆಗೆದು ಬಾಯಿಗಿಟ್ಟೆ. ನಿಜ ಹೇಳಬೇಕೆಂದರೆ ಕುರ್ಚಿಗೆ ಬೆನ್ನು ಮಾಡಿಕೊಂಡೇ ಇಟ್ಟೆ.

"ಏನದು ಬಾಯ್ಗಿಟ್ಟಿದ್ದು?" ಎಂದರು ಅತ್ತೆ.

"ರುಚಿ ನೋಡ್ದೆ ಅತ್ತೆ."

ಅವರು ಊಟಕ್ಕೆ ಕೂತಾಗ ತಟ್ಟೆಯನ್ನು ಎರಡು ಬೆರಳಿನಿಂದ ಮುಂದಕ್ಕೆ ತಳ್ಳಿ ಮಗನಿಗೆ ಹೇಳಿದರು: "ಎಂಜ್ಲು ತಿನ್ನೋ ಗತಿ ನಂಗಿನ್ನೂ ಬಂದಿಲ್ಲ ಕಣಪ್ಪ. ಇಂಗಾದ್ರೆ ನನ್ನ ಆರ್‌ಟಿ ನಗರಕ್ಕೇ ಬಿಟ್ಬುಡು."

ಗಂಡ ನನ್ನನ್ನು ಕೋಣೆಗೆ ಕರೆದು, "ಇಷ್ಟ್ ವರ್ಷ ಹೊಂದ್ಕೊಂಡ್ ಬಂದಿದೀಯ. ವಯಸ್ಸಾದೋರು, ಇನ್ನೆಷ್ಟ್ ದಿನ ಹೇಳು? ಒಂದ್ ಮಾತು ತಪ್ಪಾಯ್ತು ಅಂದ್ಬಿಡು" ಎಂದರು. ಮದುವೆಯಾದ ಹೊಸದರಲ್ಲೂ ಇದನ್ನೇ ಹೇಳಿದ್ದರು, ಇನ್ನೆಷ್ಟು ದಿನ ಅಂತ. ನಾನು ತಪ್ಪಾಯ್ತು ಎಂದೆ. ಬಸ್ಸಾರನ್ನು ಸಿಂಕಿಗೆ ಬಗ್ಗಿಸಿ, ಹೊಸದಾಗಿ ಅನ್ನ, ಬೇಳೆ ಸಾರು ಮಾಡಿ, ಕೈ ಕಟ್ಟಿಕೊಂಡು ನಿಂತು ಬಡಿಸಿದೆ. ಹೇಡಿ ನಾನು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಂಜಲೆನ್ನುವುದು ಅವರ ನಂಬಿಕೆ, ಮಡಿ, ಹಳೇ ಕಾಲದವರು ಎಂದು ಸಮಾಧಾನ ಮಾಡಿಕೊಂಡಿದ್ದೆ. ನಂಬಿಕೆಯ ಎದುರು ಸೋತರೆ ಅಷ್ಟು ಅವಮಾನವಿಲ್ಲ ಅನ್ನಿಸಿತ್ತು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಮಗಳು, ಅಲ್ಲಿ ಕಲಿತ ಸಾರನ್ನು ತಾನು ಮಾಡುತ್ತೇನೆಂದು ಒಲೆಯ ಮುಂದೆ ನಿಂತಳು. ಸೀಗಡಿ ಸಿಕ್ಕಿತು, ಮಜ್ಜಿಗೆ ಹುಲ್ಲೂ ಸಿಕ್ಕಿತು. ಅತ್ತೆ ಕುರ್ಚಿಯಲ್ಲಿದ್ದರು. ಮಗಳು ಸೌಟು ಬಾಯಿಗಿಟ್ಟಳು. ತುಟಿ ಚಪ್ಪರಿಸಿ, ಅದೇ ಸೌಟನ್ನು ಪಾತ್ರೆಗೆ ಅದ್ದಿದಳು. ನಿಂಬೆ ಹಿಂಡಿ ಮತ್ತೆ ಬಾಯಿಗಿಟ್ಟಳು. ಎಣಿಸಬಾರದು ಎಂದುಕೊಂಡೇ ಎಣಿಸಿದೆ, ಐದು ಸಲ. ನಾನು ಅತ್ತೆಯ ಮುಖ ನೋಡುತ್ತಿದ್ದೆ. ಮಗಳಿಗೂ ಬೈಗುಳ ಬೀಳುತ್ತದಲ್ಲಾ ಎಂದು ಹೆದರಿಕೆ, ಬೀಳಲಿ ಎಂದು ಒಳಗೊಳಗೇ ಆಸೆ.

ಅತ್ತೆ ನಗುತ್ತಿದ್ದರು. "ಎಲ್ಲಾ ಅಲ್ಲೇ ಕುಡ್ದು ಮುಗಿಸ್ಬೇಡ ಮಗ, ನಂಗೂ ಒಸಿ ಉಳ್ಸು" ಎಂದರು. ಬಟ್ಟಲು ತುಂಬ ಹಾಕಿಸಿಕೊಂಡು ಕುಡಿದರು. "ಉಳಿ ಚೆಂದಾಕೈತೆ" ಎಂದು ಇನ್ನೊಂದು ಸಲ ಹಾಕಿಸಿಕೊಂಡರು. ಅವರ ಮಂಡಿ ಆ ದಿನ ಏನೂ ಅನ್ನಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಅತ್ತೆ, ಅವ್ಳು ಐದ್ ಸಲ ಸೌಟು ಬಾಯಿಗಿಟ್ಲು. ನೀವೇ ನೋಡಿದ್ರಿ" ಎಂದೆ.

ಅವರಿಗೆ ಸಿಟ್ಟೇನೂ ಬರಲಿಲ್ಲ. ಇಷ್ಟೂ ತಿಳಿಯದವಳೇ ಎನ್ನುವ ಹಾಗೆ ನನ್ನ ಕಡೆ ನೋಡಿ, "ಅವ್ಳು ನಮ್ಮನೆ ಮಗು ಅಲ್ವಾ" ಎಂದರು.

ಗಂಡ ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು. ಮಗಳು ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಬಟ್ಟಲು ಕೆಳಗಿಟ್ಟಳು. ನಾನು ಎದ್ದು ಹೋಗಿ ಪಾತ್ರೆ ತೊಳೆದೆ. ಮಡಿಯೂ ಅಲ್ಲ, ನಂಬಿಕೆಯೂ ಅಲ್ಲ. ಇಪ್ಪತ್ತಾರು ವರ್ಷ ಮೂರು ಹೊತ್ತು ಬೇಯಿಸಿ ಹಾಕಿದ್ದೇನೆ, ಆ ಮಗುವನ್ನು ಹೆತ್ತವಳೂ ನಾನೇ, ಆದರೂ ನನ್ನ ಬಾಯಿ ಅವರಿಗೆ ಇನ್ನೂ ಪರರ ಬಾಯಿ. ಅದನ್ನು ಅವರು ಮೊದಲ ವಾರದಲ್ಲೇ ಬಾಯಿಬಿಟ್ಟು ಹೇಳಿದ್ದರೆ ನಾನು ಇಷ್ಟು ವರ್ಷ ಆವಿ ಮೂಸುತ್ತಾ ನಿಲ್ಲುತ್ತಿರಲಿಲ್ಲವೇನೋ.

ಮರುದಿನ ಸೋಮವಾರ. ಗಂಡ ಹೊರಗೆ ಹೋಗಿದ್ದರು, ಮಗಳು ಕಾಲೇಜಿಗೆ ಹೋಗಿದ್ದಳು. ನಾನು ಮತ್ತೆ ಹುರುಳಿಕಾಳಿನ ಬಸ್ಸಾರು ಮಾಡಿದೆ. ಹುಣಸೆಹಣ್ಣನ್ನು ಹಿಡಿ ತುಂಬ ಕಿವುಚಿದೆ. ಸೌಟು ತೆಗೆದುಕೊಂಡು, ಈ ಸಲ ಕುರ್ಚಿಯ ಕಡೆಗೇ ಮುಖ ಮಾಡಿ ನಿಂತು, ಬಾಯಿಗಿಟ್ಟೆ.

"ಎಂಜಲಾಗಿದೆ ಅತ್ತೆ" ಎಂದೆ. "ಬೇಕಾದ್ರೆ ಬಡಿಸ್ತೀನಿ. ಬೇಡಾಂದ್ರೆ ನಿಮ್ಮನೆ ಮಗು ನಾಕು ಗಂಟೆಗೆ ಬರುತ್ತೆ, ಮಾಡ್ಕೊಡುತ್ತೆ."

ಅವರು ಟಿವಿಯ ಸದ್ದು ಜೋರು ಮಾಡಿದರು. ನಾನು ಮಧ್ಯಾಹ್ನ ಒಂದು ಗಂಟೆಯವರೆಗೆ ಕಾದೆ, ಅವರು ಬರಲಿಲ್ಲ. ಸಂಜೆ ಗಂಡನಿಗೆ ಸುದ್ದಿ ಮುಟ್ಟುತ್ತದೆ, ಆಮೇಲೆ ಎಷ್ಟು ದಿನ ಈ ಮನೆಯಲ್ಲಿ ಯಾರೂ ನನ್ನೊಡನೆ ಮಾತಾಡುವುದಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಮುದ್ದೆ ಹಾಕಿಕೊಂಡು, ಸಾರು ಬಡಿಸಿಕೊಂಡು, ಟೇಬಲ್ಲಿನ ಮುಂದೆ ಕೂತೆ. ಈ ಮನೆಯಲ್ಲಿ ಅತ್ತೆಗಿಂತ ಮೊದಲು ನಾನು ಉಂಡದ್ದು ಅದೇ ಮೊದಲ ಸಲ. ಒಂದೊಂದು ತುತ್ತಿಗೂ ಕಣ್ಣು ಕುರ್ಚಿಯ ಕಡೆಗೇ ಹೋಗುತ್ತಿತ್ತು. ಹುಳಿ ಮಾತ್ರ ಸರಿಯಾಗಿತ್ತು.