ಓಣಿಯ ಜಮಖಾನೆ, ಆಯಿಯ ಪೆನ್ಶನ್

ಫಟಫಟಿಯ ಸದ್ದು ಮೊದಲು ಊರಬಾಗಿಲ ಅಗಸಿಯ ಕಡೆಯಿಂದ ಕೇಳುತ್ತಿತ್ತು. ಓಣಿಯ ತಿರುವಿನಲ್ಲಿ ಕೆಮ್ಮಿದಂತಾಗಿ, ನಾಯಿಗಳ ಬೊಗಳಾಟದ ನಡುವೆ ಮತ್ತೆ ಎದ್ದು, ನಮ್ಮ ಪಡಸಾಲೆಯ ತಗಡು ನಡುಗಿಸಿ ನಿಲ್ಲುತ್ತಿತ್ತು. ಎಪ್ಪತ್ತರ ದಶಕದ ಸಿಂದಗಿಯಲ್ಲಿ ಆ ಸದ್ದು ಬಂತೆಂದರೆ ಸರ್ಕಾರ ಬಂತೆಂದೇ. ಈಗಲೂ ಮನೆ ಮುಂದೆ ಬೈಕು ಗುಡುಗಿದರೆ ನನಗೆ ಭಯವಲ್ಲ, ಸಿಟ್ಟು ಬರುತ್ತದೆ. ಸಿಲ್ಲಿ ಎಂದು ಮಕ್ಕಳು ನಗುತ್ತಾರೆ. ನಗಲಿ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು, ಹೈಸ್ಕೂಲ್ ಮಾಸ್ತರರನ್ನು ಮದುವೆಯಾಗಿ ಸಿಂದಗಿಗೆ ಬಂದವಳು. ಎದುರು ಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ಓಣಿಗೆಲ್ಲ ಆಯಿ. ಗಂಡ, ಮಕ್ಕಳು, ಬಳಗ ಯಾರೂ ಇರಲಿಲ್ಲ. ಹಳೇ ಸೀರೆ ಕೊಟ್ಟರೆ ಕೌದಿ ಹೊಲಿದುಕೊಡುತ್ತಿದ್ದಳು. ಕಣ್ಣು ಮಂಜಾದ ಮೇಲೆ ಅದೂ ನಿಂತಿತು. ಸರ್ಕಾರದ ವೃದ್ಧಾಪ್ಯ ಪೆನ್ಶನ್ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಅವಳ ಜೋಳ, ಚಿಮಣಿ ಎಣ್ಣೆ ಎಲ್ಲ ಅದರಲ್ಲೇ.

ಅವಳ ಮನೆಯಲ್ಲಿ ಯಾರೂ ನಿಂತು ಮಾತಾಡುವ ಹಾಗಿರಲಿಲ್ಲ. "ಮೊದಲ ಕುಂದರ್ರಿ, ಆಮ್ಯಾಲ ಮಾತು" ಎಂದು ತನ್ನ ಒಂದೇ ಕೌದಿಯನ್ನು ಝಾಡಿಸಿ ಹಾಸುತ್ತಿದ್ದಳು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ವರ್ಷಗಟ್ಟಲೆ ಕಲಿಸಿದ ಮ್ಯಾನರ್ಸು ಆ ಕೌದಿಯ ಮುಂದೆ ಸಪ್ಪೆ.

ಒಂದು ದಿನ ಊರ ವಾಲೀಕಾರ ಬಂದು, ಪೆನ್ಶನ್ ತಗೊಳ್ಳುವವರನ್ನೆಲ್ಲ ಮತ್ತೆ ತಪಾಸಣೆ ಮಾಡುತ್ತಾರೆ, ರೆವಿನ್ಯೂ ಖಾತೆಯ ಸರ್ಕಲ್ ಸಾಹೇಬರು ಮನೆಗೇ ಬರುತ್ತಾರೆ ಎಂದು ಹೇಳಿ ಹೋದ. ತಪಾಸಣೆಯ ವಿಷಯ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಸಾಹೇಬರು ಆಯಿಯ ಮನೆಗೆ ಬರುತ್ತಾರೆ ಎಂಬುದೇ ದೊಡ್ಡದಾಯಿತು.

ನಮ್ಮ ಓಣಿಯ ರೀತಿ ಹೇಳಬೇಕು. ಯಾರ ಮನೆಗೆ ಬೀಗರು ಬರಲಿ, ಕನ್ಯೆ ನೋಡುವವರು ಬರಲಿ, ಓಣಿಯ ಒಳ್ಳೇ ಸಾಮಾನೆಲ್ಲ ಆ ಮನೆಗೆ ನಡೆಯುತ್ತಿತ್ತು. ಮೂಲೆಮನೆಯ ಕೆಂಪು ಜಮಖಾನೆಯ ಮೇಲೆ ಕೂತೇ ನಮ್ಮ ಹುಡುಗಿಯರೆಲ್ಲ ಲಗ್ನಕ್ಕೆ ಒಪ್ಪಿಗೆಯಾದವರು. ಜಮಖಾನೆ ಆ ಮನೆಯದಲ್ಲ ಎಂದು ಬೀಗರಿಗೂ ಗೊತ್ತು. ಅವರ ಓಣಿಯಲ್ಲೂ ಹಾಗೇ. ಅದರಲ್ಲಿ ಮೋಸವಿರಲಿಲ್ಲ. ಬಂದವರಿಗೆ ಕೊಡುವ ಮರ್ಯಾದೆ ಅದು.

ಹಾಗೆ ಆಯಿಯ ಒಂದೇ ಖೋಲಿಗೆ ಜಮಖಾನೆ ಬಂತು. ಅತ್ತೆ ನಮ್ಮ ಆರಾಮಕುರ್ಚಿ ಕಳಿಸಿದರು. ಪಕ್ಕದ ಸಾಬರ ಮನೆಯಿಂದ ಬೆಳ್ಳಗೆ ತಿಕ್ಕಿದ ತಟ್ಟೆ, ತಂಬಿಗೆ. ನನ್ನ ಮದುವೆಯ ಟೀ ಸೆಟ್ಟು, ಹೂವಿನ ಚಿತ್ರದ ಕಪ್ಪುಬಶಿ. ಆಯಿ ನಡುವೆ ನಿಂತು, "ನೋಡ್ರವಾ, ನನ್ನ ನೋಡಾಕ ಬರಾಕತ್ತಾರೇನ?" ಎಂದು ನಾಚಿದಳು. "ಒಪ್ಪಿಗಿ ಆದ್ರ ನಮಗ ಹೋಳಿಗಿ ಹಾಕಬೇಕ ಮತ್ತ" ಎಂದು ಸಾಬರ ಮನೆಯಾಕೆ ಚುಡಾಯಿಸಿದಳು.

ಫಟಫಟಿ ಬಂತು. ಸಾಹೇಬರು ಕುರ್ಚಿಯಲ್ಲಿ ಕಾಲು ಚಾಚಿ ಕೂತರು. ಚೂಡಾ ತಿಂದರು, ಚಾ ಕುಡಿದರು, ಇನ್ನೊಂದು ಕಪ್ಪು ಕೇಳಿ ಕುಡಿದರು.

"ಆರಾಮ ಅದೀಯೇನಬೇ ಮುದುಕಿ?"

"ಹೌದ್ರಿ ಸಾಹೇಬ್ರ, ನಿಮ್ಮಂಥವರು ಮನಿಗೆ ಬಂದ ಮ್ಯಾಲ ನನಗೇನ ಕಡಿಮಿ!"

ಮುಂದಿನ ತಿಂಗಳು ಮನಿಯಾರ್ಡರ್ ಬರಲಿಲ್ಲ. ತಾಲೂಕಿನ ಮಾಮಲೇದಾರ ಕಚೇರಿಯಲ್ಲಿ ವಿಚಾರಿಸಿದರೆ, ಮನೆಯಲ್ಲಿ ಜಮಖಾನೆ, ಕುರ್ಚಿ, ಚೀನಿ ಕಪ್ಪುಗಳಿವೆ, ಅರ್ಜಿದಾರಳು ಅನುಕೂಲಸ್ಥಳು ಎಂದು ಸಾಹೇಬರು ರಿಪೋರ್ಟು ಬರೆದಿದ್ದರಂತೆ. ನನ್ನ ಕಪ್ಪಿನಲ್ಲಿ ಚಾ ಕುಡಿದು, ಆ ಕಪ್ಪಿನ ಹೆಸರಲ್ಲೇ ಅವಳ ರೊಟ್ಟಿ ಕಿತ್ತುಕೊಂಡಿದ್ದ ಆ ಮನುಷ್ಯ! ಅವನೇನು ಲಂಡನ್ನಿನಿಂದ ಇಳಿದವನೇ? ಮುದ್ದೇಬಿಹಾಳ ಕಡೆಯವನು. ಅವನ ತಂಗಿಯನ್ನೂ ಯಾರದೋ ಜಮಖಾನೆಯ ಮೇಲೇ ಕೂಡಿಸಿ ತೋರಿಸಿರುತ್ತಾರೆ.

ನಾನು ಇಂಗ್ಲಿಷಿನಲ್ಲಿ ಅಪೀಲು ಬರೆದೆ. ಆಯಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಇಂಡಿ ಪಟ್ಟಣಕ್ಕೆ, ಮಾಮಲೇದಾರರ ಮೇಲಿನ ಪ್ರಾಂತಸಾಹೇಬರ ಕಚೇರಿಗೆ ಹೋದೆ. ಬಾಗಿಲಲ್ಲಿದ್ದ ಕಾರಕೂನ, "ಏನಜ್ಜಿ, ಜಮಖಾನಿ ಮ್ಯಾಲ ಕುಂತು ಪೆನ್ಶನ್ ಉಣ್ಣಬೇಕಂತೀ ಏನ?" ಎಂದು ಹಲ್ಲು ಕಿರಿದ. ಸಂಜೆಯತನಕ ಕೂಡಿಸಿದರು, ಕೂಡಿಸಿದರು ಎಂದೆನೇ? ಬೆಂಚು ಇರಲಿಲ್ಲ, ನಿಲ್ಲಿಸಿದರು.

ಪ್ರಾಂತಸಾಹೇಬರು ನನ್ನ ಅಪೀಲು ಓದಿ, "ಇಂಗ್ಲಿಷ್ ಭಾಳ ಚಲೋ ಐತ್ರಿ ಬಾಯಾರ" ಎಂದರು. ನಾನು ಅಲ್ಲಿಗೆ ಹೋದದ್ದು ಸರ್ಟಿಫಿಕೇಟಿಗಾಗಿ ಅಲ್ಲ. ಸಾಮಾನೆಲ್ಲ ನಮ್ಮವು, ಬಂದವರ ಮರ್ಯಾದೆಗೆ ಕೊಟ್ಟದ್ದು ಎಂದು ಹೇಳಿದೆ.

"ತಪಾಸಣೆಗೆ ಬಂದಾಗ ಯಾಕ ಕೊಟ್ಟಿರಿ?"

ಆಗ ಆಯಿ ಬಾಯಿ ತೆರೆದಳು. "ನಿಮ್ಮ ಮನಿಗೆ ದೊಡ್ಡ ಸಾಹೇಬ್ರು ಬಂದ್ರ ಬರೀ ನೆಲದ ಮ್ಯಾಲ ಕುಂದರಸ್ತೀರೇನ್ರಿ?"

ಅವರು ನಕ್ಕರು. ಸರ್ಕಲ್ ಇನ್ನೊಮ್ಮೆ ಹೋಗಿ ನೋಡಿ ಬರಲಿ ಎಂದು ಬರೆದರು.

ಈ ಸಲ ಓಣಿ ಬುದ್ಧಿ ಕಲಿತಿತ್ತು. ಕೊಡುವುದು ಬಿಟ್ಟು ಒಯ್ಯತೊಡಗಿದರು. ಆಯಿಯ ಸ್ವಂತದ ತಂಬಿಗೆ ನಮ್ಮ ಅಡಿಗೆಮನೆಗೆ ಬಂತು. ಕೂಡುವ ಮಣೆ ಮೂಲೆಮನೆಗೆ ಹೋಯಿತು. ಕೊನೆಗೆ ಅತ್ತೆ ಕೌದಿಗೆ ಕೈ ಹಾಕಿದರು.

"ಅದನ್ನಾರ ಬಿಡವಾ" ಎಂದಳು ಆಯಿ. "ಬಂದವನು ಎಲ್ಲಿ ಕುಂದರಬೇಕು?"

"ನಿಂದರ್ತಾನ. ನಿನ್ನ ಪೆನ್ಶನ್ ಕಸಗೊಂಡವಗ ಗಾದಿ ಹಾಸ್ತೀಯೇನ?"

"ಅವ ಕಸಗೊಂಡಾನ, ಖರೆ. ಮನಿ ನಂದಲ್ಲೇನು?"

ಅತ್ತೆ ಕೌದಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಬೇರೆ ದಾರಿ ಇರಲಿಲ್ಲ. ಇದನ್ನು ಇಂದಿಗೂ ಆ ಕಚೇರಿಗಳ ಲೆಕ್ಕಕ್ಕೇ ಬರೆಯುತ್ತೇನೆ.

ಫಟಫಟಿ ಬಂತು. ಸಾಹೇಬರು ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿದರು. ಬರೀ ನೆಲ, ಒಂದು ಗಡಿಗೆ. ಆಯಿ ಗೋಡೆಗೆ ಒರಗಿ, ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ನಾನಿದ್ದದ್ದು ಅವಳ ಬಾಗಿಲ ಪಕ್ಕದ ಕಟ್ಟೆಯ ಮೇಲೆ; ಅವಳ ತುಟಿ ಅಲುಗಿದ್ದು ಸೆರಗಿನ ಮೇಲೂ ಕಾಣುತ್ತಿತ್ತು. ಕುಂದರ್ರಿ ಎನ್ನಲು ಬಂದ ಮಾತನ್ನು ನುಂಗುತ್ತಿದ್ದಳು.

"ಹಾಂ, ಈಗ ಸರಿ ಐತಿ" ಎಂದು ಸಾಹೇಬರು ಬರೆದುಕೊಂಡು ಹೋದರು.

ಈಗ ಸರಿ ಐತಿ! ಅದೇ ಮುದುಕಿ, ಅದೇ ಗೋಡೆ, ಅದೇ ಹಸಿವು. ಮರ್ಯಾದೆಯಿಂದಿದ್ದಾಗ ತಪ್ಪಿತಸ್ಥೆ, ಮನೆ ಬೋಳಾದಾಗ ಸರಿ. ಇದಕ್ಕೆ ನಮ್ಮ ಕಾನ್ವೆಂಟಿನ ಡಿಕ್ಷನರಿಯಲ್ಲಿ ಯಾವ ಪದವಿತ್ತೋ, ನನಗೆ ಸಿಗಲಿಲ್ಲ.

ಪೆನ್ಶನ್ ಮತ್ತೆ ಬಂತು. ನಾವು ಕೌದಿ, ಮಣೆ, ತಂಬಿಗೆ ವಾಪಸು ಕೊಡಲು ಹೋದೆವು. ಆಯಿ ತಂಬಿಗೆ ಮಾತ್ರ ಇಸಿದುಕೊಂಡಳು. "ಉಳಿದದ್ದು ನಿಮ್ಮಲ್ಲೇ ಇರ್ಲಿ. ಮತ್ತ ಯಾವಾಗ ಬರ್ತಾರೋ ಏನೋ." ಥಂಡಿ ಬಿದ್ದಾಗ ಸಂಜೆಗೆ ಬಂದು ಕೌದಿ ಒಯ್ಯುತ್ತಿದ್ದಳು, ಬೆಳಗಾದ ಕೂಡಲೇ ತಂದು ನಮ್ಮ ಪಡಸಾಲೆಯಲ್ಲಿ ಇಡುತ್ತಿದ್ದಳು. ತನ್ನದೇ ಕೌದಿ.

ಕೆಲವು ವರ್ಷಕ್ಕೆ ನಮ್ಮವರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಹೊರಡುವ ದಿನ ಕೌದಿ ಹಿಡಿದುಕೊಂಡು ಎದುರು ಮನೆಗೆ ಹೋದೆ. ಆಯಿ ಬಾಗಿಲು ಅರ್ಧ ತೆರೆದು, ಚೌಕಟ್ಟಿಗೆ ಎರಡೂ ಕೈ ಕೊಟ್ಟು ಅಡ್ಡ ನಿಂತಳು.

"ಹೊಂಟ್ಯಾ ಯವ್ವಾ?"

"ಹೂಂ ಆಯಿ. ಒಳಗ ಬರ್ಲೇನು?"

ಅವಳು ಒಮ್ಮೆ ಹಿಂದೆ, ತನ್ನ ಬರೀ ನೆಲದ ಕಡೆ ನೋಡಿದಳು. ನಾನು ಚಾಚಿದ ಕೌದಿಯನ್ನು ಮುಟ್ಟಿ ನೋಡಿದಳು, ತೆಗೆದುಕೊಳ್ಳಲಿಲ್ಲ. "ಮೂಲಿಮನ್ಯಾಗ ಇಟ್ಟು ಹೋಗವಾ" ಎಂದಳು.

ಆಮೇಲೆ ನಾವಿಬ್ಬರೂ ನಿಂತೇ ಮಾತಾಡಿದೆವು. ಬಸ್ಸಿನ ಹಾರ್ನು ಕೇಳುವವರೆಗೂ ಅವಳು ನನಗೆ ಕುಂದರು ಎನ್ನಲಿಲ್ಲ. ಅವಳನ್ನು ನಾನು ನೋಡಿದ್ದು ಅದೇ ಕಡೆಯ ಸಲ.