ಡ್ರೆಸ್ಸರ್ ಮುದ್ದಣ್ಣ ಬಾಯಿಬಿಟ್ಟ ದಿನ

ಮುದ್ದಣ್ಣ ಒಳ್ಳೆಯವನು ಅಂತ ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಳ್ಳೆಯವನೇ, ಇಲ್ಲ ಅನ್ನುವುದಿಲ್ಲ. ಸುಟ್ಟ ಗಾಯಕ್ಕೆ ಅಂಟಿದ ಬಟ್ಟೆಯನ್ನು ಅವನ ಹಾಗೆ ನೋಯದಂತೆ ಬಿಡಿಸುವವರನ್ನು ನನ್ನ ಮೂವತ್ತು ವರ್ಷದ ನರ್ಸ್ ಕೆಲಸದಲ್ಲಿ ನಾನು ಕಂಡಿಲ್ಲ. ಆದರೆ ಒಳ್ಳೆಯತನ ಅಂದುಕೊಂಡು ಅವನು ಏನು ಮಾಡಿದ, ಈ ಏಕನಾಥಮ್ಮ ಅನ್ನುವ ನಾನು ಅದನ್ನು ನೋಡುತ್ತ ಹೇಗೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಎರಡನ್ನೂ ಹೇಳದಿದ್ದರೆ ಅವನ ಕಥೆ ಹೇಳಿದ ಹಾಗಲ್ಲ.

1974ರ ಮಾತು. ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯಲ್ಲಿ ಭೀಮಸಮುದ್ರದ ಕಡೆಯ ಒಬ್ಬ ಅಡಿಕೆ ಸಾಹುಕಾರರು ಇಪ್ಪತ್ತು ಮಂಚದ ಆಸ್ಪತ್ರೆ ಕಟ್ಟಿಸಿದ್ದರು. ಈಗ ಅದಿಲ್ಲ, ಅಲ್ಲೊಂದು ಗೋಡೌನ್ ಎದ್ದಿದೆ. ನಮ್ಮ ಡಾಕ್ಟರು ಮಲಯಾಳಿ. ಆಪರೇಷನ್ನಿಗೆ ನಿಂತರೆ ಕೈಗೆ ಕಣ್ಣು ಬಂದ ಹಾಗೆ ಕೆಲಸ ಮಾಡುತ್ತಿದ್ದರು. ಕನ್ನಡ ಮಾತ್ರ ‘ನೋವು ಉಂಟಾ’, ‘ನಾಲಿಗೆ ತೋರ್ಸಿ’, ಇಷ್ಟಕ್ಕೇ ಮುಗಿಯುತ್ತಿತ್ತು. ಹಾಗಾಗಿ ಅವರ ಇಂಗ್ಲಿಷನ್ನು ರೋಗಿಗಳಿಗೆ ಕನ್ನಡದಲ್ಲಿ ಹೇಳುವ ಕೆಲಸ ಗಾಯ ಕಟ್ಟುವ ಡ್ರೆಸ್ಸರ್ ಮುದ್ದಣ್ಣನ ಪಾಲಿಗೆ ಬಿದ್ದಿತ್ತು.

ಯಲ್ಲದಕೆರೆಯ ಕುರಿ ಸಾಕುವ ಮನೆಯ ಹುಡುಗ ಅವನು. ಓದಿದ್ದು ಏಳನೇ ಕ್ಲಾಸು. ತೋಳ ಕಚ್ಚಿದ ಕುರಿಗೆ ಹೊಲಿಗೆ ಹಾಕಿ ಬದುಕಿಸಿದ ಅಂತ ಯಾರೋ ಸಾಹುಕಾರರಿಗೆ ಹೇಳಿ, ಅವರು ಕರೆದು ಕೆಲಸ ಕೊಟ್ಟಿದ್ದರು. ಬಂದ ಎರಡೇ ವರ್ಷಕ್ಕೆ ಡಾಕ್ಟರ ಬಾಯಲ್ಲಿ ಬರುವ ಹೆಸರನ್ನೆಲ್ಲ ಕಲಿತುಬಿಟ್ಟ. ಹರ್ನಿಯಾ, ಜಾಂಡೀಸ್, ಟೆಟನಸ್, ಫ್ರಾಕ್ಚರ್, ಪೆರಿಟೊನೈಟಿಸ್. ಸಿರಿಂಜು ಕುದಿಸುತ್ತ ತನ್ನಷ್ಟಕ್ಕೆ ತಾನು ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದ. “ಏನಪ್ಪ ಡಾಕ್ಟರೇ, ನಮ್ಮ ಮಂಡಿನೋವಿಗೊಂದು ಹೆಸರಿಡ್ರಿ” ಅಂತ ನಾನು ಚುಡಾಯಿಸಿದರೆ ಕಿವಿಯವರೆಗೂ ನಗುತ್ತಿದ್ದ.

ಗೊತ್ತಿದ್ದದ್ದೆಲ್ಲ ಅವನ ಹೊಟ್ಟೆಯಲ್ಲೇ ಇರುತ್ತಿತ್ತು. ರೋಗಿಯ ಮುಂದೆ ಒಂದು ಹೆಸರೂ ಹೊರಗೆ ಬರುತ್ತಿರಲಿಲ್ಲ. ಡಾಕ್ಟರು ಎರಡು ನಿಮಿಷ ವಿವರಿಸಿದರೆ ಇವನು ಮೂರು ಮಾತಿನಲ್ಲಿ ಮುಗಿಸುವನು. ಕ್ಷಯಕ್ಕೆ ‘ಒಣ ಕೆಮ್ಮು’. ಹಾರ್ಟ್ ಅಟ್ಯಾಕಿಗೆ ‘ಎದಿ ಹಿಡಕಂಡೈತೆ’. ಕ್ಯಾನ್ಸರ್ ಎಲ್ಲೇ ಇರಲಿ, ‘ಹುಣ್ಣು’. ಕೊನೆಗೆ “ಏನಿಲ್ಲ, ಎಂಟು ದಿನದಾಗೆ ಮನೀಗೆ ಹೋಗ್ತೀರಿ” ಅನ್ನುವುದು ಮಾತ್ರ ಎಲ್ಲರಿಗೂ ಒಂದೇ.

ಒಮ್ಮೆ ರೇಗಿ ಕೇಳಿದೆ. “ಯಾಕೋ ಹಿಂಗೆ ಸುಳ್ಳು ಹೇಳ್ತೀಯ?”

“ಸುಳ್ಳಲ್ಲ ಸಿಸ್ಟ್ರೇ. ಹೊತ್ತು ಮುಳುಗಿದ ಮ್ಯಾಲೆ ಹಾವಿಗೆ ಹಾವು ಅಂತೀವಾ? ಹುಳ ಅಂತೀವಿ. ನಮ್ಮವ್ವ ಕುರಿಗೆ ರೋಗ ಬಂದ್ರೂ ಅವನ್ನ ಕೂಡೋ ರೊಪ್ಪದಾಗೆ ಅದ್ರ ಹೆಸ್ರು ಎತ್ತಕ್ಕೆ ಬಿಡ್ತಿರ್ಲಿಲ್ಲ. ಹೆಸ್ರು ಹಿಡಿದು ಕರುದ್ರೆ ಅದು ಓಗೊಡ್ತೈತೆ.”

ನಾನು ನಕ್ಕುಬಿಟ್ಟೆ. ಅವತ್ತು ನಗಬಾರದಿತ್ತು. ಅವನ ಬಾಯಿಂದ ಹೊರಟದ್ದನ್ನು ನಂಬಿ ಜನ ಮನೆ, ಹೊಲ, ಮದುವೆ ಎಲ್ಲವನ್ನೂ ತೀರ್ಮಾನ ಮಾಡುತ್ತಿದ್ದರು.

ಆ ವರ್ಷದ ಆಷಾಢದಲ್ಲಿ ತಾಳ್ಯದ ಮಲ್ಲಕ್ಕ ಬಂದು ಮಲಗಿದಳು. ಮೂವತ್ತೂ ತುಂಬದ ಹೆಂಗಸು, ತಿಂದದ್ದು ನಿಲ್ಲುತ್ತಿರಲಿಲ್ಲ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ದುರ್ಗಕ್ಕೆ ಕಳಿಸಿ ಎಕ್ಸ್‌ರೇ ತೆಗೆಸಿದರು. ಜಠರದ ಕ್ಯಾನ್ಸರ್, ಕೈಮೀರಿದೆ. “ಆಪರೇಷನ್ನಿನಿಂದ ಪ್ರಯೋಜನವಿಲ್ಲ. ಎರಡು ತಿಂಗಳು ಇರಬಹುದು. ನೋವಿನ ಔಷಧಿ ಕೊಟ್ಟು ಮನೆಗೆ ಕಳಿಸು, ತನ್ನವರ ಜೊತೆ ಇರಲಿ” ಅಂತ ಇಂಗ್ಲಿಷಿನಲ್ಲಿ ಮುದ್ದಣ್ಣನಿಗೆ ಹೇಳಿದರು. ಪಕ್ಕದಲ್ಲಿ ಟ್ರೇ ಹಿಡಿದುಕೊಂಡು ನಾನೂ ಇದ್ದೆ.

ಮುದ್ದಣ್ಣ ಮಲ್ಲಕ್ಕನಿಗೂ ಅವಳ ಗಂಡ ಯತ್ತಪ್ಪನಿಗೂ ಹೇಳಿದ್ದು ಇಷ್ಟು: “ಹೊಟ್ಟೆ ಹುಣ್ಣು. ಇನ್ನೊಂದಷ್ಟು ದಿನ ಇಲ್ಲೇ ಇರ್ರಿ, ಮಾಯ್ತೈತೆ.” ಡಾಕ್ಟರಿಗೆ, ಮನೆಯವರು ಕರೆದುಕೊಂಡು ಹೋಗಲು ಒಪ್ಪುತ್ತಿಲ್ಲ ಎಂದ. ಮನೆಗೆ ಹೋಗಿ ಅಂದರೆ ಸಾಯಿರಿ ಅಂದ ಹಾಗಲ್ಲವೇ ಅನ್ನುವುದು ಅವನ ಲೆಕ್ಕ. ನಾನು ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಸುಮ್ಮನಿದ್ದೆ. ಐದು ವಾರ ಕಳೆಯಿತು.

ಐದು ವಾರ ತುಂಬಿದ ಸೋಮವಾರ ಬೆಳಿಗ್ಗೆ ಮುದ್ದಣ್ಣನ ಅಕ್ಕ ಬೋರಕ್ಕ ಯಲ್ಲದಕೆರೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಳು. ಹೊಟ್ಟೆ ಹಿಡಿದುಕೊಂಡು ಅರ್ಧ ಬಾಗಿ, ಗೋಡೆ ಆಸರೆಯಲ್ಲಿ ಒಳಗೆ ನಡೆದಳು. ಮುದ್ದಣ್ಣನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಗಂಡ ಜಂಪಣ್ಣ ಹಿಂದಿನ ವರ್ಷ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

ಮಲ್ಲಕ್ಕನ ಪಕ್ಕದ ಮಂಚ ಖಾಲಿಯಿತ್ತು. ಅಲ್ಲಿ ಮಲಗಿಸಿದೆವು. ಡಾಕ್ಟರು ಬಲಗಡೆ ಕೆಳಹೊಟ್ಟೆಯನ್ನು ಮೆಲ್ಲಗೆ ಒತ್ತಿ ಕೈ ತೆಗೆದರು. ಬೋರಕ್ಕ ಚೀರಿದಳು. ಅಪೆಂಡಿಸೈಟಿಸ್. “ಒಡೆಯುವ ಹಂತದಲ್ಲಿದೆ. ಒಡೆದರೆ ಕೀವು ಹೊಟ್ಟೆಗೆಲ್ಲ ಹರಡಿ ಪೆರಿಟೊನೈಟಿಸ್, ಆಮೇಲೆ ನನ್ನ ಕೈಯಲ್ಲಿಲ್ಲ. ಈಗಲೇ ಕೊಯ್ಯಬೇಕು, ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಾ” ಅಂದು ಕೈ ತೊಳೆಯಲು ಹೋದರು.

ಮುದ್ದಣ್ಣನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅವನಿಗೆ ಹೇಳಲು ಒಂದು ಒಳ್ಳೆಯ ಸುದ್ದಿ ಸಿಕ್ಕಿತ್ತು. “ಅಕ್ಕ, ಕರುಳಿನ ಬಾಲದಾಗೆ ಬಾವು ಬಂದೈತೆ. ಸಣ್ಣ ಆಪರೇಷನ್ನು. ಎಂಟು ದಿನದಾಗೆ ಮನೀಗೆ ಹೋಗ್ತೀಯ.”

ಬೋರಕ್ಕ ಕಣ್ಣು ಬಿಟ್ಟು ಅವನನ್ನೇ ನೋಡಿದಳು. “ನಿಮ್ಮ ಭಾವಗೂ ಇದೇ ಮಾತು ಹೇಳಿದ್ದೆ.”

ಹೇಳಿದ್ದ. ಜಂಪಣ್ಣನ ಕರುಳಿನಲ್ಲಿ ಕ್ಯಾನ್ಸರ್ ಇತ್ತು. ಡಾಕ್ಟರು ಹೊಟ್ಟೆ ತೆರೆದು ನೋಡಿ, ಏನೂ ಮಾಡಲಾಗದೆ ಮತ್ತೆ ಹೊಲಿದಿದ್ದರು. ಇವನು ಹೊರಗೆ ಬಂದು ಅಕ್ಕನಿಗೆ ಕರುಳಿನ ಬಾವು, ಸಣ್ಣ ಆಪರೇಷನ್ನು, ಎಂಟು ದಿನ ಅಂದಿದ್ದ. ಹತ್ತನೇ ದಿನಕ್ಕೆ ಜಂಪಣ್ಣ ಹೆಣವಾಗಿ ಯಲ್ಲದಕೆರೆಗೆ ಹೋದ.

“ಅದು ಬ್ಯಾರೆ ಅಕ್ಕ. ಇದು ನಿಜವಾಗ್ಲೂ...”

“ಸಾಯಾದಾದ್ರೆ ಮನ್ಯಾಗೆ ಸಾಯ್ತೀನಿ. ಹೊಟ್ಟೆ ಬಗಿಸ್ಕಂಡು ಸಾಯಲ್ಲ. ಏಳ್ಸು, ಹೋಗಾಣ.” ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡಳು.

ಅಯ್ಯೋ ದೇವರೇ, ಅವತ್ತಿನ ಅವನ ಪಾಡು ನನ್ನ ಹಗೆಗೂ ಬೇಡ. ದೇವರ ಭಂಡಾರ ಮುಟ್ಟಿ ಆಣೆ ಮಾಡುತ್ತೇನೆ ಎಂದ. ಅವತ್ತೂ ನೀನು ಮಾಡಿದ್ದೆ ಎಂದಳು. ಕಾಲು ಹಿಡಿದ. ಅವಳು ಕಾಲೆಳೆದುಕೊಳ್ಳಲು ಹೋಗಿ ನೋವಿಗೆ ನರಳಿದಳು. ಅಪೆಂಡಿಕ್ಸ್ ಅಂತ ಅದರ ಹೆಸರನ್ನೇ ಹೇಳಿದ. ಆ ಹೆಸರಿನಿಂದ ಅವಳಿಗೇನಾಗಬೇಕು? ಸಾಯುವವರಿಗೆ ಹೇಳಿ ಹೇಳಿ ಸವೆಸಿದ ಮಾತುಗಳನ್ನು ಬಿಟ್ಟು, ಬದುಕುವವಳಿಗೆ ಹೇಳಲು ಅವನ ಹತ್ತಿರ ಬೇರೆ ಮಾತೇ ಉಳಿದಿರಲಿಲ್ಲ. ನಾನು ಮುಂದೆ ಬಂದು, “ಬೋರಕ್ಕ, ನಿಜ ಕಣ್ರಿ, ನಾನು ಹೇಳ್ತೀನಿ” ಎಂದೆ. “ನೀನೂ ಅವ್ನ ಜತಿಯಾಕೀನೇ” ಎಂದಳು.

ಒಳಗಿನಿಂದ ಡಾಕ್ಟರು ಎರಡು ಸಲ ಕೂಗಿದರು. ಬೋರಕ್ಕನ ಮೈ ಕಾದ ಹಂಚಾಗಿತ್ತು.

ಮಲ್ಲಕ್ಕ ತನ್ನ ಮಂಚದ ಮೇಲೆ ಕೂತು ಗಂಜಿಯ ಲೋಟ ಹಿಡಿದು ಇದನ್ನೆಲ್ಲ ನೋಡುತ್ತಿದ್ದಳು. ಪಾಪ, ಸಹಾಯ ಮಾಡೋಣ ಅಂತ ಅವಳೇ ಬಾಯಿ ಹಾಕಿದಳು. “ಹೆದ್ರಬ್ಯಾಡ ಕಣಕ್ಕ. ಮುದ್ದಣ್ಣ ಹೇಳಿದ್ರೆ ಹೇಳ್ದಂಗೆ. ನಂಗೂ ಹುಣ್ಣು ಐತೆ, ಮಾಯ್ತೈತೆ ಅಂದಾನೆ.”

ಬೋರಕ್ಕ ಅವಳ ಎಲುಬುಗೂಡಿನಂಥ ಮೈಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ತಮ್ಮನ ಕಡೆ ತಿರುಗಿದಳು. “ಈಕಿಗೇನಾಗೈತೆ?”

ಮುದ್ದಣ್ಣ ಹೊದಿಕೆ ಸರಿಮಾಡಲು ಬಗ್ಗಿದ, ಬೋರಕ್ಕ ಅವನ ಕೈ ತಳ್ಳಿದಳು.

“ಈಕಿ ಮುಖ ನೋಡಿ ದಿಟ ಹೇಳು. ಹೇಳಿದ್ರೆ ನಂಗೆ ಹೇಳಿದ್ದೂ ದಿಟ ಅಂತ ತಿಳ್ಕಂತೀನಿ, ಹೆಬ್ಬೆಟ್ಟು ಕೊಡ್ತೀನಿ. ಇಲ್ಲಾಂದ್ರೆ ನಾನು ಇಲ್ಲಿಂದ ಎದ್ದು ಹೋಗ್ತೀನಿ, ದಾರ್‍ಯಾಗೆ ಸಾಯ್ತೀನಿ.”

ಮುದ್ದಣ್ಣ ನನ್ನ ಕಡೆ ನೋಡಿದ. ಇಷ್ಟು ವರ್ಷ ಎಲ್ಲದಕ್ಕೂ ಮೂಗು ತೂರಿಸಿದ ನಾನು ಆಗ ನೆಲ ನೋಡಿದೆ. ಅವನು ಹೇಳದಿದ್ದರೆ ಅಕ್ಕ ಹೋಗುತ್ತಾಳೆ. ಹೇಳಿದರೆ ಗಂಜಿ ಕುಡಿಯುತ್ತ ಕೂತ ಈ ಹೆಂಗಸನ್ನು ತನ್ನ ಬಾಯಿಂದಲೇ ಕೊಂದ ಹಾಗೆ. ಹೇಳು ಅನ್ನುವ ಧೈರ್ಯ ನನಗಿರಲಿಲ್ಲ, ಬೇಡ ಅನ್ನುವ ಮುಖವೂ ಇರಲಿಲ್ಲ.

ಅವನು ಮಲ್ಲಕ್ಕನ ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಅವಳ ಕೈಯಿಂದ ಲೋಟ ತೆಗೆದು ಕೆಳಗಿಟ್ಟ.

“ಮಲ್ಲಕ್ಕ, ನಿನಗಿರಾದು ಹುಣ್ಣಲ್ಲ. ಕ್ಯಾನ್ಸರ್ ಐತೆ. ವಾಸಿಯಾಗಲ್ಲ. ಮನೀಗೆ ಕಳ್ಸು ಅಂತ ಡಾಕ್ಟ್ರು ಅವತ್ತೇ ಹೇಳಿದ್ರು. ನಾನೇ ನಿಂಗೆ ಹೇಳ್ಲಿಲ್ಲ.”

ವಾರ್ಡಿನ ಅಷ್ಟೂ ಮಂಚಗಳಿಂದ ತಲೆಗಳು ಅವನ ಕಡೆ ತಿರುಗಿದವು. ಯಾಕೆಂದರೆ ಆ ಮಂಚಗಳ ಮೇಲಿದ್ದ ಒಬ್ಬೊಬ್ಬರಿಗೂ ಅವನೇ ಒಂದೊಂದು ಮಾತು ಹೇಳಿದ್ದ. ಮಲ್ಲಕ್ಕ ಅಳಲಿಲ್ಲ. ಏನೋ ಮರೆತವಳ ಹಾಗೆ ತನ್ನ ಕೈ ನೋಡಿಕೊಂಡಳು. ನನ್ನ ಹಿಂದೆ ಬೋರಕ್ಕ ಮುಷ್ಟಿ ಬಿಚ್ಚಿ, “ತಾರೇ ಆ ಕಾಗ್ದ” ಎಂದಳು.

ಆಪರೇಷನ್ ಮುಕ್ಕಾಲು ಗಂಟೆ ನಡೆಯಿತು. ಕರುಳಿನ ಬಾಲ ಊದಿ ಕಪ್ಪಾಗಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಒಡೆದಿರುತ್ತಿತ್ತು ಎಂದರು ಡಾಕ್ಟರು. ದೀಪ ಹಿಡಿದು ನಿಂತಿದ್ದ ಮುದ್ದಣ್ಣ ಬೆಳಕನ್ನು ಬೇರೆ ಕಡೆ ಬಿಟ್ಟು ಎರಡು ಸಲ ಬೈಸಿಕೊಂಡ. ಬೋರಕ್ಕ ಉಳಿದಳು.

ನಾವು ಹೊರಗೆ ಬಂದಾಗ ಮಲ್ಲಕ್ಕನ ಮಂಚ ಖಾಲಿಯಿತ್ತು. ಅವಳು ರಸ್ತೆ ಬದಿಯ ಕಲ್ಲಿನ ಮೇಲೆ, ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದಳು. ಸೋಮವಾರ ಸೋಮವಾರ ರಾಗಿಹಿಟ್ಟು ತರುತ್ತಿದ್ದ ಗಂಡ ಯತ್ತಪ್ಪ ಅವತ್ತೂ ತಂದಿದ್ದ. ಆ ಹಿಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡೇ ಪಕ್ಕದಲ್ಲಿ ನಿಂತು, ದಿಕ್ಕು ತೋಚದೆ ಬಸ್ಸಿನ ದಾರಿ ನೋಡುತ್ತಿದ್ದ. ಮುದ್ದಣ್ಣ ಹೋಗಿ ಅವಳ ಮುಂದೆ ಕೈಮುಗಿದ. ನಾನೂ ಹಿಂದೆಯೇ ಹೋದೆ.

“ನನ್ನ ಮಗ್ಳು ನಾಕು ವರ್ಷದಾಕಿ,” ಎಂದಳು ಮಲ್ಲಕ್ಕ. “ಅವ್ವನ್ನ ನೋಡ್ಬೇಕು ಅಂತ ಅತ್ತಾಗೆಲ್ಲ ಬ್ಯಾಡ ಅಂದೆ. ಸೂಜಿ ಕಂಡ್ರೆ ಹೆದ್ರತಾಳೆ, ಹೆಂಗೂ ಮಾಯ್ತೈತೆ, ನಾನೇ ಬರ್ತೀನಲ್ಲ ಅಂದೆ. ಐದು ವಾರ ಆತು ಆಕಿ ಮುಖ ನೋಡಿ.”

ಮುದ್ದಣ್ಣ ಮುಗಿದ ಕೈ ಇಳಿಸಲಿಲ್ಲ.

“ಡಾಕ್ಟ್ರು ಅವತ್ತು ಎಷ್ಟು ದಿನ ಅಂದಿದ್ರು? ದಿಟ ಹೇಳು.”

“ಎಲ್ಡು ತಿಂಗಳು.”

“ಅದ್ರಾಗೆ ಐದು ವಾರ ನೀನೇ ಇಟ್ಕಂಡ್ಯಲ್ಲೋ ಮುದ್ದಣ್ಣ,” ಎಂದಳು. ಬೈದದ್ದಲ್ಲ. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ಹೊಳಲ್ಕೆರೆ ಬಸ್ಸು ಬಂತು. ಯತ್ತಪ್ಪ ಅವಳನ್ನು ಎರಡು ಕೈಯಲ್ಲಿ ಎತ್ತಿ ಒಳಗೆ ಕೂರಿಸಿದ. ಹಗುರವಾಗಿದ್ದಳು, ಅವನಿಗೆ ಕಷ್ಟವಾಗಲಿಲ್ಲ. ಡಾಕ್ಟರು ಆ ಮಾತು ಹೇಳಿದ ದಿನ ಪಕ್ಕದಲ್ಲಿ ನಾನೂ ನಿಂತಿದ್ದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಕಿಟಕಿಯಿಂದ ನನ್ನ ಕಡೆ ನೋಡಿ, “ಬರ್ತೀನಿ ಸಿಸ್ಟ್ರೇ, ನೀವು ಚೆನ್ನಾಗಿ ನೋಡ್ಕಂಡ್ರಿ” ಎಂದಳು.